ಪದಚರ್ಚೆ: ‘ಸಾಮಾನ್ಯ ಆಸಕ್ತಿಯ ಯೋಜನೆ’ ಸರಿಯೇ? ನಾಳೆ ರಾತ್ರಿಯೊಳಗೆ ಬೇಕು

ವಿ. ಕೆ., ಕಾರ್ಕ್, ಐರ್ಲೆಂಡ್

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬೆಂಗಳೂರಿನ ವಿಜ್ಞಾನ ಮಾಸಿಕವೊಂದಕ್ಕೆ ಸೆಲ್ಟಿಕ್ ಇಂಟರ್‌ಕನೆಕ್ಟರ್ ಕುರಿತು ಬರೆಯುತ್ತಿದ್ದೇನೆ. ನಾಳೆ ರಾತ್ರಿ ಪುಟ ಮುದ್ರಣಕ್ಕೆ ಹೋಗುತ್ತದೆ. ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಕಾರ್ಕ್ ಕೌಂಟಿಯಿಂದ ಫ್ರಾನ್ಸಿನ ಬ್ರಿಟನಿಗೆ ಸುಮಾರು 575 ಕಿಲೋಮೀಟರ್ ಉದ್ದದ ವಿದ್ಯುತ್ ಕೇಬಲ್ ಹಾಕುತ್ತಿದ್ದಾರೆ. ಬಹುಭಾಗ ಸಮುದ್ರದ ತಳದಲ್ಲಿ. ಸಾಮರ್ಥ್ಯ 700 ಮೆಗಾವ್ಯಾಟ್. ಯಾಲ್ ಪಟ್ಟಣದ ಬಳಿ, ನಾವು ಭಾನುವಾರಗಳಂದು ಮಕ್ಕಳನ್ನು ಕರೆದೊಯ್ಯುವ ಕ್ಲೇಕ್ಯಾಸಲ್ ಕಡಲತೀರದಲ್ಲಿ ಅದು ದಡ ಹತ್ತುತ್ತದೆ. ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ಬಿಟ್ಟ ಮೇಲೆ ಐರ್ಲೆಂಡನ್ನು ಒಕ್ಕೂಟದ ಇನ್ನೊಂದು ದೇಶಕ್ಕೆ ನೇರವಾಗಿ ಜೋಡಿಸುವ ಮೊದಲ ವಿದ್ಯುತ್ ಮಾರ್ಗ ಇದೇ. ಇದಕ್ಕೆ 2019ರಲ್ಲಿ ಒಕ್ಕೂಟ ಸುಮಾರು 53 ಕೋಟಿ ಯೂರೋ ಅನುದಾನ ಕೊಟ್ಟಿತು. ಕೊಟ್ಟದ್ದಕ್ಕೆ ಕಾರಣ, ಈ ಕೇಬಲ್ ‘ಪ್ರಾಜೆಕ್ಟ್ ಆಫ್ ಕಾಮನ್ ಇಂಟರೆಸ್ಟ್’ ಎಂಬ ಪಟ್ಟಿಯಲ್ಲಿ ಇರುವುದು. ಪಟ್ಟಿಯಲ್ಲಿ ಇರುವುದಕ್ಕೆ ‘ಪ್ರಯಾರಿಟಿ ಸ್ಟೇಟಸ್’. ಪಟ್ಟಿಗೆ ಸೇರಲು ಅದು ‘ಕ್ರಾಸ್ ಬಾರ್ಡರ್’ ಆಗಿರಬೇಕು.

ನನ್ನ ಕರಡಿನಲ್ಲಿ ಇರುವುದು: ಸಾಮಾನ್ಯ ಆಸಕ್ತಿಯ ಯೋಜನೆ, ಆದ್ಯತಾ ಸ್ಥಾನಮಾನ, ಗಡಿಯಾಚೆಗಿನ ಇಂಧನ ಮೂಲಸೌಕರ್ಯ.

ಗಟ್ಟಿಯಾಗಿ ಓದಿಕೊಂಡಾಗ ಮೂರೂ ನನಗೆ ಸುಳ್ಳು ಹೇಳುತ್ತಿವೆ ಎನ್ನಿಸಿತು. ಮೊದಲನೆಯದು ಯಾರಿಗೂ ಅಷ್ಟೇನೂ ಆಸಕ್ತಿಯಿಲ್ಲದ ಯೋಜನೆಯಂತೆ ಕೇಳುತ್ತದೆ. ಮೂರನೆಯದನ್ನು ಓದಿದರೆ ಪತ್ರಿಕೆಗಳ ‘ಗಡಿಯಾಚೆಗಿನ ಭಯೋತ್ಪಾದನೆ’ ನೆನಪಾಗುತ್ತದೆ. ದಯವಿಟ್ಟು ಸಹಾಯ ಮಾಡಿ.

*

ನಾ. ಗು., ಧಾರವಾಡ

ತಂಗಿ ವಿ. ಕೆ.,

ಆಸಕ್ತಿ ತಪ್ಪು, ತೆಗೆಯಿರಿ. ಇಲ್ಲಿನ ಇಂಟರೆಸ್ಟ್ ಎಂದರೆ ಹಿತ. ಸಾಮಾನ್ಯ ಸರಿ, ಇಟ್ಟುಕೊಳ್ಳಿ. ಸಮಾನ ಎಂಬುದರ ಮೇಲೆ ಭಾವಾರ್ಥದ ಪ್ರತ್ಯಯ ಬಂದು ಸಾಮಾನ್ಯ ಆಗಿದೆ. ಹಲವರಿಗೆ ಸಮಾನವಾಗಿ ಸೇರಿದ್ದು ಎಂದೇ ಅದರ ಅರ್ಥ. ಸಾಮಾನ್ಯ ಪ್ರವೇಶ ಪರೀಕ್ಷೆ ಎಂದು ಲಕ್ಷಾಂತರ ಮಕ್ಕಳು ಬರೆಯುತ್ತಾರೆ, ಯಾರೂ ಅದನ್ನು ಸುಲಭದ ಪರೀಕ್ಷೆ ಎಂದು ತಿಳಿದಿಲ್ಲ. ‘ಸಾಮಾನ್ಯ ಹಿತದ ಯೋಜನೆ’. ಮೂಲಾರ್ಥ ಮರೆತವರ ಸಲುವಾಗಿ ಒಳ್ಳೆಯ ಪದವನ್ನು ಬಿಟ್ಟುಕೊಡಬಾರದು.

*

ಎಚ್. ಬಿ., ಬೆಂಗಳೂರು

> ಮೂಲಾರ್ಥ ಮರೆತವರ ಸಲುವಾಗಿ ಒಳ್ಳೆಯ ಪದವನ್ನು ಬಿಟ್ಟುಕೊಡಬಾರದು.

ರಾಯರೇ, ಮರೆತಿರುವುದು ಇಡೀ ಕನ್ನಡ ನಾಡು. ಸಾಮಾನ್ಯ ಬೋಗಿ, ಸಾಮಾನ್ಯ ವಾರ್ಡು, ಸಾಮಾನ್ಯ ಜ್ವರ. ಪದ ಬದುಕುವುದು ಇವುಗಳಲ್ಲಿ. ಪ್ರವೇಶ ಪರೀಕ್ಷೆಯನ್ನೂ ಮಕ್ಕಳು ಸಿಇಟಿ ಎನ್ನುತ್ತಾರೆಯೇ ಹೊರತು ಸಾಮಾನ್ಯ ಎನ್ನುವುದಿಲ್ಲ. ವಿಶೇಷ ದರ್ಜೆ ಪಡೆದದ್ದಕ್ಕೆ ‘ಸಾಮಾನ್ಯ’ ಎಂದು ಹೆಸರಿಟ್ಟರೆ ಓದುಗನು ಎರಡನೆಯ ಸಾಲಿನಲ್ಲೇ ಎಡವುತ್ತಾನೆ.

ನಾನು ಮೂವತ್ತು ವರ್ಷ ವಿದ್ಯುತ್ ಪ್ರಸರಣದ ಕೆಲಸ ಮಾಡಿದವನು. ನನ್ನ ತಕರಾರು ಇರುವುದು ‘ಇಂಧನ’ದ ಬಗ್ಗೆ. ಇಂಧನ ಎಂದರೆ ಉರಿಯುವುದು, ಸೌದೆಯಿಂದ ಹಿಡಿದು ಡೀಸೆಲ್‌ವರೆಗೆ. ನಮ್ಮ ಸರ್ಕಾರಿ ಇಲಾಖೆಗೆ ಆ ಹೆಸರು ಬಂದುಬಿಟ್ಟಿದೆ, ಇರಲಿ. ಆದರೆ ಈ ಪಟ್ಟಿಯ ಹಿಂದಿರುವ ಯುರೋಪಿನ ಕಾನೂನಿನ ಕಥೆಯೇ ಇಂಧನದಿಂದ ದೂರ ಸರಿದ ಕಥೆ. 2013ರ ನಿಯಮಾವಳಿಯಲ್ಲಿ ತೈಲ ಮತ್ತು ನೈಸರ್ಗಿಕ ಅನಿಲದ ಕೊಳವೆಗಳಿಗೂ ಜಾಗವಿತ್ತು. ಕ್ಯಾಸ್ಪಿಯನ್ ಕಡೆಯ ಅನಿಲವನ್ನು ಇಟಲಿಗೆ ಒಯ್ಯುವ ಟ್ರಾನ್ಸ್ ಏಡ್ರಿಯಾಟಿಕ್ ಕೊಳವೆ ಪಟ್ಟಿಯಲ್ಲಿದ್ದದ್ದೇ. 2022ರಲ್ಲಿ ಬಂದ ಹೊಸ ನಿಯಮಾವಳಿ ಅವೆರಡನ್ನೂ ಕೈಬಿಟ್ಟಿತು. ಮಾಲ್ಟಾ ಮತ್ತು ಸೈಪ್ರಸ್ ಯುರೋಪಿನ ಅನಿಲ ಜಾಲಕ್ಕೆ ಇನ್ನೂ ಸರಿಯಾಗಿ ಜೋಡಣೆಯಾಗದ ದ್ವೀಪಗಳೆಂದು ಅವಕ್ಕೆ ಮಾತ್ರ ತಾತ್ಕಾಲಿಕ ವಿನಾಯಿತಿ. ಈಗ ಪಟ್ಟಿಯಲ್ಲಿ ಇರುವುದು ಬಹುತೇಕ ವಿದ್ಯುತ್ ಮಾರ್ಗಗಳು, ಹೈಡ್ರೋಜನ್ ಕೊಳವೆಗಳು, ಇಂಗಾಲದ ಡೈಆಕ್ಸೈಡನ್ನು ಸಾಗಿಸುವ ಕೊಳವೆಗಳು. ಕೊನೆಯದು ಉರಿದ ಮೇಲೆ ಉಳಿದದ್ದು, ಅದನ್ನು ಯಾವ ಬಾಯಿಂದ ಇಂಧನ ಎನ್ನೋಣ?

‘ಶಕ್ತಿ’ ಸರಿ. ಆದರೆ ‘ಶಕ್ತಿ ಯೋಜನೆ’ ಎಂದು ಮಾತ್ರ ಎಲ್ಲಿಯೂ ಬರೆಯಬೇಡಿ. 2023ರ ಜೂನ್‌ನಿಂದ ಕರ್ನಾಟಕದಲ್ಲಿ ಆ ಎರಡು ಪದಗಳಿಗೆ ಒಂದೇ ಅರ್ಥ: ಹೆಂಗಸರಿಗೆ ಉಚಿತ ಬಸ್ ಪ್ರಯಾಣ. ನಿಮ್ಮ ಲೇಖನ ಕೇಬಲ್ ಬಗ್ಗೆ ತಾನೇ? ‘ವಿದ್ಯುತ್ ಮಾರ್ಗ’ ಎನ್ನಿ. ಕಾನೂನಿನ ಹೆಸರು ಬಂದಲ್ಲಿ ಒಮ್ಮೆ ‘ಶಕ್ತಿ ಮೂಲಸೌಕರ್ಯ’ ಎನ್ನಿ.

ಮೊದಲನೆಯದಕ್ಕೆ ನನ್ನ ಸಲಹೆ ‘ಕೂಡುಹಿತದ ಯೋಜನೆ’.

*

ನಾ. ಗು., ಧಾರವಾಡ

ಕೂಡುಹಿತ ಅರಿಸಮಾಸ. ಸಲ್ಲದು.

*

ಕೆ. ತಿ., ಸಾಗರ

ಇಬ್ಬರು ಹಿರಿಯರೂ ಸಂಸ್ಕೃತದ ಬೇಲಿಯೊಳಗೇ ಜಗಳವಾಡುತ್ತಿದ್ದೀರಿ. ಬೇಲಿಯ ಹೊರಗೆ ನಮ್ಮದೇ ಪದವಿದೆ: ಹುದು. ಹಳಗನ್ನಡದಲ್ಲಿ ಪುದು. ಕೂಡಿಕೆ, ಪಾಲುಗಾರಿಕೆ, ಹಲವರಿಗೆ ಒಟ್ಟಾಗಿ ಸೇರಿದ್ದು ಎಂದು ಅದರ ಅರ್ಥ. ಒಟ್ಟಿಗೆ ಬಾಳುವುದಕ್ಕೆ ಪುದುವಾಳ್ ಎಂದಿದ್ದಾರೆ. ತಮಿಳಿನ ಪೊದು ಇದರ ಅಕ್ಕ. ಅಲ್ಲಿ ಪೊದುಮಕ್ಕಳ್ ಎಂದರೆ ಸಾರ್ವಜನಿಕರು, ಹಾದಿಬೀದಿಯ ಫಲಕಗಳಲ್ಲೆಲ್ಲ ಬದುಕಿದೆ. ನಾವು ಅದೇ ಬೇರಿನ ಪದವನ್ನು ನಿಘಂಟಿನಲ್ಲಿ ಹೂತು, ಸಾಮಾನ್ಯವೋ ಸಮಾನವೋ ಎಂದು ಹೆಣಗುತ್ತಿದ್ದೇವೆ.

‘ಹುದುವೊಳಿತಿನ ಹಮ್ಮುಗೆ’. ಒಳಿತು ಹಿತಕ್ಕೆ, ಹಮ್ಮುಗೆ ಯೋಜನೆಗೆ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆಯುವ ಅರಿಸಮಾಸದ ಕಾಟವೂ ಇಲ್ಲ, ಎಲ್ಲ ಪದಗಳೂ ಮನೆಯವೇ. ಆದ್ಯತೆಯ ಸ್ಥಾನಕ್ಕೆ ‘ಮುಂಪಟ್ಟ’ ಎನ್ನಬಹುದು. ಗಡಿಗೆ ಎಲ್ಲೆ.

*

ನಾ. ಗು., ಧಾರವಾಡ

ಪಟ್ಟ ಸಂಸ್ಕೃತ. ಮನೆಯವರನ್ನು ಎಣಿಸುವಾಗ ಕಣ್ಣು ತೆರೆದಿರಬೇಕು.

*

ಸು. ರಾ., ಮ್ಯೂನಿಕ್

ಸಾಮಾನ್ಯದ ಬಗ್ಗೆ ಎಚ್. ಬಿ. ಅವರ ಮಾತಿಗೆ ಇಲ್ಲಿಂದ ಒಂದು ಸಾಕ್ಷಿ ಕೊಡುತ್ತೇನೆ. ಒಕ್ಕೂಟದ ಕಾನೂನುಗಳು 24 ಭಾಷೆಗಳಲ್ಲಿ ಪ್ರಕಟವಾಗುತ್ತವೆ, ಎಲ್ಲವೂ ಅಧಿಕೃತವೇ. ಜರ್ಮನ್ ಪಠ್ಯದಲ್ಲಿ ಈ ಯೋಜನೆಗಳಿಗೆ ‘ಗೆಮೈನ್‌ಸಾಮ್’ ಎಂಬ ವಿಶೇಷಣ ಹಾಕಿದ್ದಾರೆ, ‘ಗೆಮೈನ್’ ಎಂದು ಹಾಕಿಲ್ಲ. ಎರಡರ ಬೇರೂ ಒಂದೇ. ಒಂದು ಕಾಲಕ್ಕೆ ಗೆಮೈನ್ ಎಂದರೂ ಎಲ್ಲರಿಗೂ ಸೇರಿದ್ದು ಎಂದೇ ಅರ್ಥ. ಸವೆದು ಸವೆದು ಅದು ಸಾಧಾರಣ ಎಂದಾಯಿತು, ಆಮೇಲೆ ಕೀಳು, ನೀಚ ಎಂದಾಯಿತು. ಇವತ್ತು ಒಬ್ಬನನ್ನು ಗೆಮೈನ್ ಎಂದರೆ ಅದು ಬೈಗುಳ. ಒಟ್ಟಾಗಿ ಎಂಬ ಅರ್ಥವನ್ನು ಹೊರಲು ಉಳಿದದ್ದು ಗೆಮೈನ್‌ಸಾಮ್. ಕನ್ನಡದ ಸಾಮಾನ್ಯ ಆ ಹಾದಿಯ ಅರ್ಧಕ್ಕೆ ಬಂದಿದೆ. ನಾ. ಗು. ಅವರು ಹೇಳುವ ವ್ಯುತ್ಪತ್ತಿ ಸರಿಯೇ, ಆದರೆ ಅದರಿಂದ ಪದ ಹಿಂದಕ್ಕೆ ನಡೆಯುವುದಿಲ್ಲ.

ಗಡಿಯ ವಿಷಯ ಇದಕ್ಕಿಂತ ತೊಡಕಿನದು. ವಿ. ಕೆ. ಅವರೇ, ‘ಗಡಿ ದಾಟುವ’ ಎಂದು ಬದಲಾಯಿಸಿ ಸಮಾಧಾನಪಡಬೇಡಿ. ಸ್ಯೂಡ್‌ಲಿಂಕ್ ನೋಡಿ. ಜರ್ಮನಿಯ ಉತ್ತರ ತುದಿಯ ಗಾಳಿ ವಿದ್ಯುತ್ತನ್ನು ದಕ್ಷಿಣದ ಬವೇರಿಯಾ ಮತ್ತು ಬಾಡೆನ್ ವುರ್ಟೆಂಬರ್ಗ್‌ಗೆ ತರುವ ಸುಮಾರು 700 ಕಿಲೋಮೀಟರ್ ನೆಲದಡಿಯ ಮಾರ್ಗ. ಎರಡು ತುದಿಯೂ ಜರ್ಮನಿಯಲ್ಲೇ. ಒಂದು ಅಂತರರಾಷ್ಟ್ರೀಯ ಗಡಿಯನ್ನೂ ಅದು ಮುಟ್ಟುವುದಿಲ್ಲ, ಆದರೂ ಪಟ್ಟಿಯಲ್ಲಿದೆ. ಏಕೆಂದರೆ ಕಾನೂನು ಎರಡು ಬಾಗಿಲು ಇಟ್ಟಿದೆ: ಮಾರ್ಗ ಎರಡು ದೇಶಗಳ ಗಡಿಯನ್ನು ಹಾಯಬೇಕು, ಇಲ್ಲವೇ ಒಂದೇ ದೇಶದೊಳಗಿದ್ದರೂ ಅದರ ಪರಿಣಾಮ ಗಡಿಯನ್ನು ಗಣನೀಯವಾಗಿ ಮೀರಬೇಕು. ಉತ್ತರದಲ್ಲಿ ಹುಟ್ಟಿದ ವಿದ್ಯುತ್ತಿಗೆ ದಕ್ಷಿಣಕ್ಕೆ ದಾರಿ ಸಾಲದಿದ್ದರೆ ಅದು ಸುಮ್ಮನೆ ನಿಲ್ಲುವುದಿಲ್ಲ, ಪೋಲೆಂಡ್ ಮತ್ತು ಚೆಕ್ ದೇಶದ ತಂತಿಗಳಿಗೆ ನುಗ್ಗಿ ಅಲ್ಲಿನವರಿಗೆ ತಲೆನೋವಾಗುತ್ತದೆ. ಹೀಗಾಗಿ ಮನೆಯೊಳಗಿನ ಮಾರ್ಗವೂ ನೆರೆಯವರ ವಿಷಯವಾಗುತ್ತದೆ. ನಿಮ್ಮ ಪದ ಈ ಎರಡನೆಯ ಬಾಗಿಲನ್ನು ಮುಚ್ಚಬಾರದು.

*

ಜಿ. ಎನ್., ಮಂಗಳೂರು

ಇಪ್ಪತ್ತು ವರ್ಷ ದಿನಪತ್ರಿಕೆಯ ಸುದ್ದಿಮೇಜಿನಲ್ಲಿ ಕುಳಿತವನ ಮಾತು ಇದು. ಪ್ರಾಜೆಕ್ಟ್ ಆಫ್ ಕಾಮನ್ ಇಂಟರೆಸ್ಟ್‌ಗೆ ‘ಪಿಸಿಐ’ ಎಂದು ಬರೆಯಿರಿ. ಮೊದಲ ಸಲ ಬಂದಾಗ ಅರ್ಧ ವಾಕ್ಯದಲ್ಲಿ ಬಿಡಿಸಿ ಹೇಳಿ, ಆಮೇಲೆ ಮೂರಕ್ಷರ ಸಾಕು. ಓದುಗನಿಗೆ ಬೇಕಾದದ್ದು ಕೇಬಲ್ಲಿನ ಕಥೆ. ಜಿಎಸ್‌ಟಿಗೆ ಕನ್ನಡ ಹುಡುಕಿದೆವು, ಸರಕು ಮತ್ತು ಸೇವಾ ತೆರಿಗೆ ಎಂದು ಅಚ್ಚುಕಟ್ಟಾದ ಹೆಸರೇ ಸಿಕ್ಕಿತು, ಅಂಗಡಿಯವನು ಇಂದಿಗೂ ಜಿಎಸ್‌ಟಿ ಎನ್ನುತ್ತಾನೆ.

ಆದ್ಯತೆಯ ಬದಲು ‘ಪ್ರಾಶಸ್ತ್ಯ’ವನ್ನು ಪರಿಶೀಲಿಸಿ. ವಿಧಾನ ಪರಿಷತ್ ಚುನಾವಣೆಯ ಪ್ರಥಮ ಪ್ರಾಶಸ್ತ್ಯದ ಮತದಿಂದ ಅದು ಎಲ್ಲರಿಗೂ ಪರಿಚಿತ.

*

ಕೆ. ತಿ., ಸಾಗರ

> ಆಮೇಲೆ ಮೂರಕ್ಷರ ಸಾಕು.

ಮೂರಕ್ಷರ ಸಾಕು ಎನ್ನುವವರು ಪದಚರ್ಚೆಯ ಬಳಗಕ್ಕೆ ಏಕೆ ಬರಬೇಕು? ಪ್ರತಿಯೊಂದು ಹೊಸ ವಿಚಾರವನ್ನೂ ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಕಟ್ಟಿ ತಂದು ಇಳಿಸಿದರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಅಂಟಿಸುವ ಕೆಲಸ ಮಾತ್ರ. ಪಿಸಿಐಗೆ, ಪಿಸಿಐಯಿಂದ, ಪಿಸಿಐಯಲ್ಲಿ. ಭಾಷೆ ಬೆಳೆಯುವುದು ಹೀಗಲ್ಲ. ಐರ್ಲೆಂಡಿನವರು ತಮ್ಮ ಐರಿಷ್ ನುಡಿಯನ್ನು 2007ರಲ್ಲಿ ಒಕ್ಕೂಟದ ಅಧಿಕೃತ ಭಾಷೆಯಾಗಿಸಿದರು. ಅನುವಾದಕರು ಸಾಲದೆ ವರ್ಷಗಟ್ಟಲೆ ಎಲ್ಲ ಕಾನೂನುಗಳೂ ಅದಕ್ಕೆ ಬರಲಿಲ್ಲ, 2022ರಿಂದ ಬರುತ್ತಿವೆ. ದಿನವೂ ಅದನ್ನು ಮಾತನಾಡುವವರು ನಮ್ಮ ಒಂದು ತಾಲ್ಲೂಕಿನಷ್ಟಿಲ್ಲ. ಅವರಿಗೆ ಆಗುವುದು ಆರು ಕೋಟಿ ಜನರ ನಾಡಿಗೆ ಆಗುವುದಿಲ್ಲವೇ?

*

ಜಿ. ಎನ್., ಮಂಗಳೂರು

ಅವರು ಸರ್ಕಾರಿ ಸಂಬಳ ಕೊಟ್ಟು ಅನುವಾದಕರನ್ನು ಇಟ್ಟಿದ್ದಾರೆ. ಇಲ್ಲಿ ಒಬ್ಬ ಹೆಣ್ಣುಮಗಳು ನಾಳೆ ರಾತ್ರಿಯೊಳಗೆ ಒಂದು ಪುಟ ಕಳುಹಿಸಬೇಕು. ಅವರಿಗೆ ಹುದುವೊಳಿತು ಕೊಡುತ್ತೀರಾ? ‘ಹುದು’ ಎಂದರೆ ಇಂದಿನ ಓದುಗನ ಕಿವಿಗೆ ‘ಹುದುಗು’ ಕೇಳಿಸುತ್ತದೆ. ಬಚ್ಚಿಟ್ಟ ಒಳಿತು ಎಂದು ಓದುತ್ತಾನೆ. ಬಹಿರಂಗ ವಿಚಾರಣೆ ನಡೆಸಿ ಕಟ್ಟುವ ಮಾರ್ಗಕ್ಕೆ ಇದಕ್ಕಿಂತ ಕೆಟ್ಟ ಹೆಸರಿಲ್ಲ.

*

ಪಿ. ಎಂ., ಮೈಸೂರು

ಕಾನೂನು ಪಠ್ಯಗಳ ಅನುವಾದ ನನ್ನ ಹೊಟ್ಟೆಪಾಡು. ಇಲ್ಲಿ ಯಾರೂ ಪಠ್ಯದೊಳಗೆ ಇಳಿಯುತ್ತಿಲ್ಲ ಎಂದು ಬೇಸರವಾಗಿದೆ. ಪದವನ್ನು ಒಂಟಿಯಾಗಿ ಅನುವಾದಿಸಬಾರದು, ಅದರ ಒಡಹುಟ್ಟಿದವರ ಜೊತೆ ನಿಲ್ಲಿಸಿ ನೋಡಬೇಕು.

ಇದೇ ನಿಯಮಾವಳಿಯಲ್ಲಿ ಮೂರು ‘ಇಂಟರೆಸ್ಟ್’ಗಳಿವೆ. ಒಂದು ಕಾಮನ್: ಒಕ್ಕೂಟದ ಸದಸ್ಯ ದೇಶಗಳಿಗೆ ಒಟ್ಟಾಗಿ ಸೇರಿದ್ದು. ಇದು ಈ ನಿಯಮಾವಳಿಯಲ್ಲಿ ಹುಟ್ಟಿದ ಮಾತಲ್ಲ, ಮಾಸ್ಟ್ರಿಕ್ಟ್ ಒಪ್ಪಂದದ ಕಾಲದಿಂದ ಯುರೋಪಿನ ಸಾರಿಗೆ ಮತ್ತು ಶಕ್ತಿ ಜಾಲಗಳಿಗೆ ಬಳಕೆಯಲ್ಲಿದೆ. ಎರಡನೆಯದು ಮ್ಯೂಚುವಲ್: 2022ರಲ್ಲಿ ಸೇರಿಸಿದ್ದು, ಒಂದು ತುದಿ ಒಕ್ಕೂಟದ ಹೊರಗಿನ ದೇಶದಲ್ಲಿರುವ ಯೋಜನೆಗಳಿಗೆ. ಸಿಸಿಲಿಯಿಂದ ಟ್ಯುನೀಷಿಯಾಕ್ಕೆ ಹಾಕಲಿರುವ 600 ಮೆಗಾವ್ಯಾಟ್ ಸಾಮರ್ಥ್ಯದ ಎಲ್ಮೆಡ್ ಕೇಬಲ್ ಈ ಬಗೆಯದು. ಮೂರನೆಯದು ಪಬ್ಲಿಕ್: ಪಟ್ಟಿಯಲ್ಲಿರುವ ಯೋಜನೆ ಶಕ್ತಿ ನೀತಿಯ ದೃಷ್ಟಿಯಿಂದ ಸಾರ್ವಜನಿಕ ಹಿತದ್ದು ಎಂದು ಕಾನೂನು ಬೇರೆಯಾಗಿಯೇ ಹೇಳುತ್ತದೆ. ಆದ್ದರಿಂದ ಮೊದಲನೆಯದಕ್ಕೆ ಸಾರ್ವಜನಿಕ ಹಿತ ಎನ್ನುವಂತಿಲ್ಲ, ಪರಸ್ಪರ ಹಿತ ಎನ್ನುವಂತಿಲ್ಲ. ಹಿತಾಸಕ್ತಿ ಬೇಡವೇ ಬೇಡ, ಪಟ್ಟಭದ್ರರು ಅದನ್ನು ಕೆಡಿಸಿದ್ದಾರೆ.

ಈಗ ‘ಸ್ಥಾನಮಾನ’. ಕನ್ನಡಕ್ಕೆ ಶಾಸ್ತ್ರೀಯ ಸ್ಥಾನಮಾನ ಬಂದದ್ದು ಗೌರವ. ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂದದ್ದು ಹಕ್ಕು. ಇಲ್ಲಿ ಸಿಗುವುದು ಎರಡೂ ಅಲ್ಲ. ಇಲ್ಲಿ ಸಿಗುವುದು ಕಡತಗಳ ಸಾಲಿನಲ್ಲಿ ಮುಂದಿನ ಜಾಗ. ಕಾನೂನು ಹೇಳುವುದು ಇಷ್ಟು: ಆಯಾ ದೇಶದ ಕಾನೂನಿನಲ್ಲಿ ‘ಅತ್ಯುನ್ನತ ರಾಷ್ಟ್ರೀಯ ಮಹತ್ವ’ ಎಂಬಂಥ ವರ್ಗ ಮೊದಲೇ ಇದ್ದರೆ ಆ ವರ್ಗವನ್ನು ಈ ಯೋಜನೆಗೆ ಕೊಡಬೇಕು, ಅನುಮತಿ ಪ್ರಕ್ರಿಯೆಯಲ್ಲಿ ಹಾಗೆಯೇ ನಡೆಸಿಕೊಳ್ಳಬೇಕು. ಅರ್ಜಿಗೆ ಮುಂಚಿನ ಹಂತಕ್ಕೆ ಹೆಚ್ಚೆಂದರೆ 24 ತಿಂಗಳು, ಅರ್ಜಿಯ ಮೇಲಿನ ತೀರ್ಮಾನಕ್ಕೆ 18 ತಿಂಗಳು, ಒಟ್ಟು 42 ತಿಂಗಳು. ಪ್ರತಿ ದೇಶದಲ್ಲೂ ಒಂದೇ ಪ್ರಾಧಿಕಾರ ಹೊಣೆ ಹೊರಬೇಕು. ಇದಕ್ಕೆ ನಮ್ಮಲ್ಲಿ ‘ಏಕಗವಾಕ್ಷಿ’ ಎಂಬ ಸಿದ್ಧ ಪದವಿದೆ, ಹೊಸದನ್ನು ಹುಡುಕಬೇಡಿ. ಪರಿಸರ ಪರಿಣಾಮದ ಅಧ್ಯಯನದಿಂದ ವಿನಾಯಿತಿ ಇಲ್ಲ. ಸ್ಥಾನಮಾನ ಎಂದು ಬರೆದರೆ ಓದುಗನು ವಿನಾಯಿತಿ ಇದೆ ಎಂದುಕೊಳ್ಳುತ್ತಾನೆ. ಅದು ಅಪಾಯದ ತಪ್ಪು.

‘ದರ್ಜೆ’ ಬರೆಯಿರಿ. ಅರಬ್ಬಿಯಲ್ಲಿ ಅದರ ಅರ್ಥ ಮೆಟ್ಟಿಲು. ದೇಶದ ಸ್ವಂತ ಏಣಿಯಲ್ಲಿ ಯೋಜನೆಯನ್ನು ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸುತ್ತಾರೆ, ಅಷ್ಟೇ. ‘ಆದ್ಯತೆಯ ದರ್ಜೆ’. ಪ್ರಾಶಸ್ತ್ಯ ಒಪ್ಪುವುದಿಲ್ಲ, ಮತದಾರನಿಗೆ ಇರುವುದು ಒಲವಿನ ಕ್ರಮ, ಕಚೇರಿಗೆ ಇರುವುದು ಸರದಿಯ ಕ್ರಮ. ಆದ್ಯತಾ ಕುಟುಂಬದ ಪಡಿತರ ಚೀಟಿ ಹಿಡಿದು ನ್ಯಾಯಬೆಲೆ ಅಂಗಡಿಗೆ ಹೋಗುವ ತಾಯಿಗೆ ಆದ್ಯತೆಯ ಅರ್ಥ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು.

*

ಕೆ. ತಿ., ಸಾಗರ

ಸಂಸ್ಕೃತ ಸಾಲದೆಂದು ಈಗ ಅರಬ್ಬಿಯೋ?

*

ಪಿ. ಎಂ., ಮೈಸೂರು

ಹೌದು, ಅರಬ್ಬಿಯೇ. ಪ್ರಥಮ ದರ್ಜೆ ಸಹಾಯಕ, ಪ್ರಥಮ ದರ್ಜೆ ಕಾಲೇಜು ಎಂದು ನಾವು ದಿನವೂ ಬರೆಯುತ್ತೇವೆ. ನೀವು ಭೂಮಿಯ ವ್ಯವಹಾರ ಮಾಡಿದ್ದರೆ ಖಾತೆ, ಪಹಣಿ, ತಕರಾರು, ಜಮೀನು ಎಲ್ಲವನ್ನೂ ಬಾಯಿಯಲ್ಲಿ ಆಡಿದ್ದೀರಿ. ಹೊರಗಿನಿಂದ ಬಂದು ಮುನ್ನೂರು ವರ್ಷ ನಮ್ಮ ರೈತನ ಕೈಯಲ್ಲಿ ಸವೆದ ಪದ ನಮ್ಮದು. ನಿಘಂಟಿನಿಂದ ನಿನ್ನೆ ಎಬ್ಬಿಸಿ ತಂದ ‘ಹುದು’ ಬೇರಿನಿಂದ ನಮ್ಮದಾದರೂ ಇನ್ನೂ ಯಾರ ಬಾಯಿಗೂ ಬಂದಿಲ್ಲ. ಅದನ್ನು ಕಥೆಯಲ್ಲಿ, ಕವಿತೆಯಲ್ಲಿ ತನ್ನಿ, ಮನೆಯಲ್ಲಿ ಆಡಿ. ಹತ್ತು ವರ್ಷದ ಮೇಲೆ ಕಾನೂನಿಗೆ ತರೋಣ, ನಾನೇ ತರುತ್ತೇನೆ. ಮೊದಲು ಕಾನೂನಿಗೆ ತಂದರೆ ಪದವೂ ಸಾಯುತ್ತದೆ, ಕಾನೂನೂ ಅರ್ಥವಾಗುವುದಿಲ್ಲ.

*

ಎಚ್. ಬಿ., ಬೆಂಗಳೂರು

> ಕೂಡುಹಿತ ಅರಿಸಮಾಸ. ಸಲ್ಲದು.

ಈ ಮೂರು ಪದದ ತೀರ್ಪಿಗೆ ಉತ್ತರ ಕೊಡದೆ ಮಲಗಲಾರೆ. ಮಳೆಗಾಲ ಸಲ್ಲುತ್ತದೆಯೇ? ಚಳಿಗಾಲ? ಕಾಲ ಸಮಸಂಸ್ಕೃತ, ಅದಕ್ಕೆ ದೋಷವಿಲ್ಲ ಎಂದು ನೀವು ಹೇಳುವಿರಿ. ಹಾಗಾದರೆ ಹಿತ ಯಾವುದು? ಅದೂ ಅಂತ್ಯದಲ್ಲಿ ಏನೂ ವಿಕಾರವಾಗದೆ ಕನ್ನಡಕ್ಕೆ ಬಂದದ್ದೇ. ಕಾಲಕ್ಕೆ ತೆರೆದ ಬಾಗಿಲನ್ನು ಹಿತಕ್ಕೆ ಮುಚ್ಚುವುದು ಯಾವ ಸೂತ್ರದಿಂದ?

ಅದೂ ಬೇಡ. ಅರಿಸಮಾಸವನ್ನು ತಡೆದ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಪಟ್ಟಿಗೆ ಸೇರಿದ ಮಾರ್ಗಕ್ಕೆ ಕೊಡುವ ಈ ಹೆಸರು ಬಿರುದಲ್ಲದೆ ಮತ್ತೇನು? ಎರಡು ವರ್ಷಕ್ಕೊಮ್ಮೆ ಪಟ್ಟಿಯನ್ನು ಹೊಸದಾಗಿ ಮಾಡುತ್ತಾರೆ. 2013ರ ಮೊದಲ ಪಟ್ಟಿಯಲ್ಲಿ 248 ಇದ್ದವು, 2021ರಲ್ಲಿ 98ಕ್ಕೆ ಇಳಿದಿತ್ತು, 2023ರಲ್ಲಿ ಹೊರಗಿನ ದೇಶಗಳ ಜೊತೆಗಿನವೂ ಸೇರಿ 166. ಪಟ್ಟಿಯಿಂದ ಬಿದ್ದರೆ ಬಿರುದೂ ಹೋಗುತ್ತದೆ. ಅನುದಾನ ಕೇಳುವ ಅರ್ಹತೆಯೂ ಹೋಗುತ್ತದೆ, 2021ರಿಂದ 2027ರವರೆಗೆ ಇದಕ್ಕೆಂದು ಇಟ್ಟಿರುವ ನಿಧಿ 584 ಕೋಟಿ ಯೂರೋ.

ಮ್ಯೂನಿಕ್ಕಿನವರ ಗೆಮೈನ್‌ಸಾಮ್‌ಗೆ ಕೂಡು ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಕೂಡುಕುಟುಂಬದಲ್ಲಿ ಬೆಳೆದವರಿಗೆ ವಿವರಣೆ ಬೇಡ: ಬಾವಿ ಒಬ್ಬರ ಹಿತ್ತಲಲ್ಲಿದ್ದರೂ ನೀರು ಎಲ್ಲರದು, ತೋಡಿಸುವ ಖರ್ಚೂ ಎಲ್ಲರದು. ಯುರೋಪಿನವರು ಮಾಡುತ್ತಿರುವುದೂ ಅದನ್ನೇ. ಮಾರ್ಗ ಒಂದು ದೇಶದ ನೆಲದಲ್ಲಿ ಹೆಚ್ಚು ಹಾಯ್ದು, ಲಾಭ ಇನ್ನೊಂದಕ್ಕೆ ಹೆಚ್ಚು ಆದರೆ, ಖರ್ಚನ್ನು ಲಾಭದ ಪ್ರಕಾರ ಹಂಚುವ ವಿಧಿಯೇ ಆ ಕಾನೂನಿನಲ್ಲಿದೆ.

*

ವಿ. ಕೆ., ಕಾರ್ಕ್

ಎಲ್ಲರಿಗೂ ಋಣಿ. ಬೆಳಗಿನಿಂದ ಎಲ್ಲ ಪತ್ರಗಳನ್ನೂ ಎರಡೆರಡು ಸಲ ಓದಿ ಹೀಗೆ ತೀರ್ಮಾನಿಸಿದ್ದೇನೆ.

‘ಕೂಡುಹಿತದ ಯೋಜನೆ’. ಬಾವಿಯ ಮಾತು ನನ್ನ ಅಜ್ಜಿಯ ಮನೆಯನ್ನು ಕಣ್ಣಿಗೆ ತಂದಿತು, ಆಮೇಲೆ ಬೇರೆ ಪದ ಮನಸ್ಸಿಗೆ ಹಿಡಿಸಲಿಲ್ಲ. ಒಕ್ಕೂಟದ ಹೊರಗಿನವರ ಜೊತೆಗಿನದಕ್ಕೆ ‘ಪರಸ್ಪರ ಹಿತದ ಯೋಜನೆ’. ಪ್ರಯಾರಿಟಿ ಸ್ಟೇಟಸ್‌ಗೆ ‘ಆದ್ಯತೆಯ ದರ್ಜೆ’, ಮೊದಲ ಸಲ ಬಂದಲ್ಲಿ ಇದು ಕಡತಗಳ ಸರದಿಯಲ್ಲಿ ಮುಂದಿನ ಜಾಗವೇ ಹೊರತು ಪರಿಸರ ನಿಯಮಗಳಿಂದ ವಿನಾಯಿತಿಯಲ್ಲ ಎಂದು ಒಂದು ವಾಕ್ಯ ಸೇರಿಸಿದ್ದೇನೆ. ಕ್ರಾಸ್ ಬಾರ್ಡರ್‌ಗೆ ಒಂದೇ ಪದ ಸಾಲದು ಎಂದು ಅರ್ಥವಾಯಿತು. ಕೇಬಲ್ಲಿಗೆ ‘ಗಡಿ ಹಾಯುವ’, ಪರಿಣಾಮಕ್ಕೆ ‘ಗಡಿ ಮೀರಿದ’ ಎಂದು ಬೇರೆ ಬೇರೆಯಾಗಿ ಬರೆದಿದ್ದೇನೆ. ಸ್ಯೂಡ್‌ಲಿಂಕ್ ಉದಾಹರಣೆಯನ್ನೂ ಸೇರಿಸಿದೆ. ಪಿಸಿಐ ಒಂದು ಸಲ ಬರುತ್ತದೆ, ಮುಂದೆ ಹುಡುಕಿ ಓದುವವರಿಗೆ ದಾರಿಯಾಗಲೆಂದು. ಕೆ. ತಿ. ಅವರೇ, ‘ಹುದು’ವನ್ನು ನಾನು ಬಿಟ್ಟಿಲ್ಲ, ಮಗಳಿಗೆ ಹೇಳಿಕೊಟ್ಟಿದ್ದೇನೆ.

ಪುಟದ ಕರಡನ್ನು ಜೊತೆಗೆ ಇಟ್ಟಿದ್ದೇನೆ. ತಪ್ಪು ಕಂಡರೆ ಇನ್ನೂ ಮೂರು ಗಂಟೆ ಸಮಯವಿದೆ.

*

ನಾ. ಗು., ಧಾರವಾಡ

ತಂಗಿ, ಕರಡು ಓದಿದೆ. ಕೂಡುಹಿತದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಬಿರುದಾವಳಿಯ ವಿನಾಯಿತಿ ರಾಜರಿಗೆ ಹೇಳಿದ್ದು, ಕೇಬಲ್ಲಿಗಲ್ಲ. ಹಿತ ಮತ್ತು ಕಾಲದ ಪ್ರಶ್ನೆಗೆ ಎಚ್. ಬಿ. ಅವರಿಗೆ ಬೇರೆ ಪತ್ರದಲ್ಲಿ ಉತ್ತರ ಬರೆಯುತ್ತಿದ್ದೇನೆ, ಅದು ಉದ್ದವಾಗುತ್ತದೆ.

ಈಗ ತುರ್ತಾಗಿ ಎರಡು. ಮೂರನೆಯ ಪ್ಯಾರಾದಲ್ಲಿ ‘ಅಂತರ್‌ರಾಷ್ಟ್ರೀಯ’ ಎಂದು ಅಚ್ಚಾಗಿದೆ. ಅಂತರ್ ಎಂದರೆ ಒಳಗೆ. ರಾಷ್ಟ್ರದೊಳಗಿನದು ಎಂದಾಗುತ್ತದೆ, ನಿಮ್ಮ ಕೇಬಲ್ ಐರ್ಲೆಂಡಿನಲ್ಲೇ ಮುಳುಗುತ್ತದೆ. ಅಂತರರಾಷ್ಟ್ರೀಯ ಮಾಡಿ. ಕೊನೆಯ ಸಾಲಿನಲ್ಲಿ ‘ಹಾಯುವ’ ಎಂದು ಇರಬೇಕಾದಲ್ಲಿ ‘ಹಾಯಿಸುವ’ ಎಂದಿದೆ. ಮುದ್ರಣಕ್ಕೆ ಮುನ್ನ ತಿದ್ದಿ ಕಳುಹಿಸಿ.